ಗುಳೆ ಬಂದ ಹೆಂಗಸರ ಜತೆ ಕೌದಿ ಹೊಲಿಯುವ ಕಲಾ ಯೋಜನೆ: ಕೂಲಿ, ಬಟ್ಟೆ, ಒಪ್ಪಿಗೆ, ಪ್ರದರ್ಶನ

ಎಳೆದಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವದ ಅಂಚಿನ ಒಂದು ಲೇಬರ್ ಶೆಡ್ ಸಾಲಿನಲ್ಲಿ ಅಲ್ಲಿನ ಹೆಂಗಸರ ಜತೆ ಸೇರಿ ಒಂದು ದೊಡ್ಡ ಕೌದಿ (ಹಳೇ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ) ಮಾಡಬೇಕೆಂದಿದ್ದೇವೆ. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರು. ಗಾರೆಗೆ ಕೈಯಾಳು, ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಹಲಗೆ ಕಟ್ಟುವುದು), ಮಣ್ಣು ಹೊರುವುದು ಇಂಥ ಕೆಲಸ. ಒಬ್ಬೊಬ್ಬರು ಒಂದೊಂದು ತುಂಡು ಹೊಲಿಯುವುದು, ಬಿಟ್ಟು ಬಂದ ಊರು, ಬಂದ ದಾರಿ, ಈಗಿರುವ ಜಾಗ ಇವುಗಳಲ್ಲಿ ತಮಗೆ ಬೇಕಾದ್ದನ್ನು ಅದರ ಮೇಲೆ ತರುವುದು, ಜತೆಗೆ ಅವರ ಮಾತನ್ನು ಧ್ವನಿಮುದ್ರಣ ಮಾಡುವುದು: ಇಷ್ಟು ನಮ್ಮ ಆಲೋಚನೆ.

ನಾವು ನಾಲ್ಕು ಜನ. ಅನುದಾನ 1,50,000 ರೂಪಾಯಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಮಯ. ಸದ್ಯಕ್ಕೆ ಹಾಕಿಕೊಂಡಿರುವುದು 20 ಹೆಂಗಸರು, 10 ಭಾನುವಾರ, ದಿನಕ್ಕೆ ಮೂರು ತಾಸು.

ತಿಳಿಯಬೇಕಾದ್ದು ಇಷ್ಟು. ಬಂದವರಿಗೆ ದುಡ್ಡು ಕೊಡಬೇಕೆ, ಕೊಟ್ಟರೆ ಎಷ್ಟು? ತುಂಡಿನ ಅಳತೆ, ಬಟ್ಟೆ, ದಾರದ ಲೆಕ್ಕ ಹೇಗೆ? ಏನು ಕೇಳಬೇಕು, ಏನು ಕೇಳಬಾರದು? ಮುಗಿದ ಮೇಲೆ ಕೌದಿ ಯಾರದು? ಇಂಥ ಕೆಲಸ ಹತ್ತಿರದಿಂದ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಅಂಗಳ

ಸೂಜಿ ಕೈಗೆ ತೆಗೆದುಕೊಳ್ಳುವ ಮೊದಲು ದಿನದರ್ಶಿ ನೋಡಿ. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಎಳ್ಳಮಾವಾಸ್ಯೆ ಬರುತ್ತದೆ. ಹೊಲಕ್ಕೆ ಚರಗ (ನೈವೇದ್ಯದ ಅಡುಗೆ) ಚೆಲ್ಲಲು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ಊರಿಗೆ ಹೊರಡುತ್ತಾರೆ. ಆಮೇಲೆ ಒಂದೊಂದು ಊರಿನ ಜಾತ್ರೆ. ಮಾರ್ಚ್ ಎರಡನೇ ವಾರ ದಾಟಿದರೆ ಯುಗಾದಿ. ಹೋದವರೆಲ್ಲ ತಿರುಗಿ ಬರುತ್ತಾರೆಂದು ಹೇಳಲಾಗದು, ಬಂದರೂ ಅದೇ ಶೆಡ್ಡಿಗೆ ಬರುತ್ತಾರೆಂದು ಹೇಳಲಾಗದು. ಆದ್ದರಿಂದ ನಿಮ್ಮ ನಾಲ್ಕು ತಿಂಗಳಲ್ಲಿ ಕೈಗೆ ಸಿಗುವುದು ಏಳೆಂಟು ಭಾನುವಾರ ಮಾತ್ರ. 10 ಕೂಟ ಬೇಕಾದರೆ ನವೆಂಬರ್‌ನಲ್ಲಿ, ದೀಪಾವಳಿ ಮುಗಿಸಿ ಜನ ಬಂದಿಳಿದ ಕೂಡಲೇ ಶುರು ಮಾಡಿ.

ಇನ್ನೊಂದು ಲೆಕ್ಕ ಕಟ್ಟಡದ್ದು. ಯಾವ ಮಹಡಿಯ ಸ್ಲ್ಯಾಬ್ ನಡೆಯುತ್ತಿದೆ, ಇನ್ನೆಷ್ಟು ಬಾಕಿ ಎಂದು ಮೇಸ್ತ್ರಿಯನ್ನು ಕೇಳಿ. ಕೊನೇ ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗ್ ಗ್ಯಾಂಗು ಬೇರೆ ಸೈಟಿಗೆ ಹೋಗುತ್ತದೆ, ಪ್ಲಾಸ್ಟರಿಂಗ್ ಗ್ಯಾಂಗು ಉಳಿಯುತ್ತದೆ. ನಿಮ್ಮ ಗುಂಪಿನಲ್ಲಿ ಎರಡೂ ಕಡೆಯವರಿದ್ದರೆ ಅರ್ಧ ದಾರಿಯಲ್ಲಿ ಅರ್ಧ ಜನ ಇರುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಕೆಲಸ ರಾತ್ರಿವರೆಗೂ ಎಳೆಯುತ್ತದೆ. ಶನಿವಾರ ಸ್ಲ್ಯಾಬ್ ಇದ್ದರೆ ಭಾನುವಾರದ ಕೂಟ ಇಟ್ಟುಕೊಳ್ಳಲೇಬೇಡಿ. ಮಾಮೂಲಿ ಭಾನುವಾರವೂ ಬೆಳಿಗ್ಗೆ ಬೇಡ. ಬಟವಾಡೆ (ವಾರದ ಕೂಲಿ ಕೊಡುವುದು) ಆದ ಮಾರನೇ ದಿನ ಸಂತೆ, ಬಟ್ಟೆ ಒಗೆಯುವುದು, ಮಕ್ಕಳ ತಲೆಸ್ನಾನ, ಟ್ಯಾಂಕರ್ ನೀರಿಗೆ ಕಾಯುವುದು ಎಲ್ಲವೂ ಅಂದೇ. ಮಧ್ಯಾಹ್ನ ಮೂರರಿಂದ ಐದೂವರೆ ಸರಿಯಾದ ಹೊತ್ತು. ಮೂರು ತಾಸಲ್ಲ, ಎರಡೂವರೆ. ಅದರ ಮೇಲೆ ರೊಟ್ಟಿ ಬಡಿಯುವ ಕೆಲಸ ಇರುತ್ತದೆ.

ಕೂಲಿಯ ಬಗ್ಗೆ ಎರಡು ಮಾತಿಲ್ಲ, ಕೊಡಲೇಬೇಕು. ನಿಮ್ಮ ನಾಲ್ವರ ಸಮಯಕ್ಕೆ ಅನುದಾನದಲ್ಲಿ ಬೆಲೆ ಇದೆ ಎಂದ ಮೇಲೆ ಅವರ ಸಮಯಕ್ಕೂ ಇರಬೇಕು. ಆ ಸೈಟಿನಲ್ಲಿ ಹೆಣ್ಣಾಳಿಗೆ ದಿನಕ್ಕೆ ಎಷ್ಟು ಕೊಡುತ್ತಾರೆಂದು ವಿಚಾರಿಸಿ, ಒಂದು ಕೂಟಕ್ಕೆ ಅದರ ಅರ್ಧ ಇಡಿ. ದಿನಗೂಲಿ 600 ಎಂದಿಟ್ಟುಕೊಂಡರೆ 300. ಕೂಟ ಮುಗಿದ ಕೂಡಲೇ ಅವಳ ಕೈಗೇ ನಗದು ಕೊಡಬೇಕು. ಎಷ್ಟೋ ಸೈಟುಗಳಲ್ಲಿ ಗಂಡ ಹೆಂಡತಿಯನ್ನು ಜೋಡಿಯೆಂದು ಹಿಡಿದು ಬಟವಾಡೆಯನ್ನು ಗಂಡನ ಕೈಗೆ ಕೊಡುವ ರೂಢಿ ಇದೆ. ನಿಮ್ಮ ದುಡ್ಡೂ ಅದೇ ದಾರಿ ಹಿಡಿಯಬಾರದು. ಮೇಸ್ತ್ರಿಯ ಕೈಗಂತೂ ಕೊಡಲೇಬೇಡಿ, ಮುಂಗಡದ ಲೆಕ್ಕಕ್ಕೆ ಮುರಿದುಕೊಳ್ಳುವ ಸಾಧ್ಯತೆ ಇರುತ್ತದೆ. ತುಂಡು ಮುಗಿಯಲಿಲ್ಲವೆಂದು ಕೂಲಿ ಹಿಡಿಯುವುದೂ ಬೇಡ. ಕೊಡುವುದು ಕೂತ ಹೊತ್ತಿಗೆ.

ಈಗ ನಿಮ್ಮ ಬಜೆಟ್. 20 ಜನ, 10 ಕೂಟ, 300 ರೂಪಾಯಿ ಎಂದರೆ 60,000. ಮಕ್ಕಳನ್ನು ನೋಡಿಕೊಳ್ಳಲು ಶೆಡ್ಡಿನವರೇ ಇಬ್ಬರು, ತಲಾ 400ರಂತೆ 8,000. ಚಹಾ, ಮಂಡಕ್ಕಿ, ಬಾಳೆಹಣ್ಣಿಗೆ 8,000. ಬಟ್ಟೆ, ದಾರ, ಧ್ವನಿಮುದ್ರಣದ ಸಾಮಾನು 15,000. ಪ್ರದರ್ಶನ, ಸಾಗಾಟಕ್ಕೆ 15,000. ಊರಿಗೊಮ್ಮೆ ಕೌದಿ ಒಯ್ಯಲು 12,000. ಅನಿರೀಕ್ಷಿತಕ್ಕೆ 15,000. ಒಟ್ಟು 1,33,000, ನಿಮ್ಮ ನಾಲ್ವರಿಗೆ ಉಳಿಯುವುದು 17,000. ಈ ಹಂತದಲ್ಲಿ ಎಲ್ಲರಿಗೂ ಕೂಲಿ ತಗ್ಗಿಸುವ ಯೋಚನೆ ಬರುತ್ತದೆ. ಕೂಲಿ ಮುಟ್ಟಬೇಡಿ, ಜನರ ಸಂಖ್ಯೆ ತಗ್ಗಿಸಿ. 12 ಜನ ಸಾಕು, ಆಗ ಕೂಲಿ 36,000 ಆಗಿ ನಿಮ್ಮ ಕೈಗೆ 41,000 ಉಳಿಯುತ್ತದೆ. ಒಬ್ಬೊಬ್ಬರು ಎರಡು ತುಂಡು ಹೊಲಿದರೆ 24 ತುಂಡು. 12 ಜನರ ಹೆಸರು, ಮಕ್ಕಳ ಹೆಸರು, ಊರು ನಿಮ್ಮ ನಾಲ್ವರಿಗೂ ನೆನಪಿರುತ್ತದೆ. 20 ಆದರೆ ಹಾಜರಿ ಪುಸ್ತಕ ಹಿಡಿಯಬೇಕಾಗುತ್ತದೆ, ಹಾಜರಿ ಪುಸ್ತಕ ಬಂದ ಕೂಡಲೇ ಅದೂ ಇನ್ನೊಂದು ಸೈಟೇ ಆಗಿಬಿಡುತ್ತದೆ.

ಜಾಗದ ಬಗ್ಗೆ ಎಚ್ಚರ ಬೇಕು. ಗುಡಿಯ ಕಟ್ಟೆ ಸುಲಭವಾಗಿ ಸಿಗುತ್ತದೆ, ಆದರೆ ಅಲ್ಲಿ ಎಲ್ಲರೂ ಸಲೀಸಾಗಿ ಕೂರುವುದಿಲ್ಲ. ಶೆಡ್ ಸಾಲುಗಳು ಊರಿನ ಪ್ರಕಾರ ಇರುತ್ತವೆ, ಊರಿನೊಳಗಿನ ಕೇರಿಯ ಪ್ರಕಾರವೂ ಇರುತ್ತವೆ. ಯಾರ ಶೆಡ್ಡಿನ ಮುಂದೆ ಕೂತಿರಿ, ಯಾರ ಕೊಡದ ನೀರಲ್ಲಿ ಚಹಾ ಕಾಸಿದಿರಿ ಎಂಬುದರ ಮೇಲೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನವಾಗಿಬಿಡುತ್ತದೆ. ಅಂಗನವಾಡಿ ಕೋಣೆ ಅಥವಾ ಸಾಲಿನ ತುದಿಯ ಬಯಲಲ್ಲಿ ಟಾರ್ಪಾಲು ಕಟ್ಟಿ ನೆರಳು ಮಾಡುವುದು ಮೇಲು. ನೀರು, ಸ್ಟವ್ವು, ಲೋಟ ನೀವೇ ತನ್ನಿ.

ಗುಳೆ ಬಂದವರೆಂದು ಎಲ್ಲರನ್ನೂ ಒಂದೇ ಮಾಡಬೇಡಿ. ಹಂಗಾಮಿಗೆ ಬಂದು ಮುಂಗಾರಿಗೆ ಹಿಂತಿರುಗುವವರು, ಹತ್ತು ವರ್ಷದಿಂದ ಇಲ್ಲೇ ಸೈಟಿನಿಂದ ಸೈಟಿಗೆ ಹೋಗುತ್ತಿರುವವರು, ಇಲ್ಲೇ ಹುಟ್ಟಿದ ಹುಡುಗಿಯರು ಮೂವರೂ ಅಲ್ಲಿರುತ್ತಾರೆ. ‘ನಿಮ್ಮ ಊರು’ ಎಂದರೆ ಮೂವರಿಗೂ ಬೇರೆ ಬೇರೆ. ತಾಂಡಾದಿಂದ ಬಂದ ಲಂಬಾಣಿ ಹೆಂಗಸರಿದ್ದರೆ ಅವರಿಗೆ ತಮ್ಮದೇ ಕಸೂತಿ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಎಲ್ಲರೂ ಕೌದಿ ಹೊಲಿಗೆಯನ್ನೇ ಹಾಕಬೇಕೆಂಬ ನಿಯಮ ಬೇಡ.

ಕೌದಿ ಮಂದಿ

ಬಟ್ಟಿ ದಾರದ ವಿಚಾರ ಅಷ್ಟ ನಾ ಹೇಳ್ತೇನ್ರಿ. ಅಂಗಳದವರು ಹೇಳಿಧಂಗ 12 ಮಂದಿ, 24 ತುಂಡು ಅಂತ ಹಿಡದೀನಿ.

ತುಂಡು ಹೊಲಿದು ಮುಗದ ಮ್ಯಾಲ 18 ಇಂಚಿನ ಚೌಕ ಬರಬೇಕು. ಶೆಡ್ ಅಂದ್ರ ಹತ್ತು ಬೈ ಹತ್ತು ಅಡಿ, ಅದರಾಗ ಒಲಿ, ಹಾಸಿಗಿ, ಕೊಡ ಎಲ್ಲಾ. ಆರಡಿ ಕೌದಿ ಹಾಸಾಕ ಜಾಗಾ ಇರೂದಿಲ್ಲ. 18 ಇಂಚಂದ್ರ ತೊಡಿ ಮ್ಯಾಲ ಇಟಗೊಂಡು ಹೊಲೀಬಹುದು, ಚೀಲದಾಗ ಹಾಕ್ಕೊಂಡು ಒಯ್ಯಬಹುದು. ಕತ್ತರಸೂದು ಮಾತ್ರ 20 ಇಂಚು. ಸುತ್ತಲೂ ಅರ್ಧರ್ಧ ಇಂಚು ಅಂಚು ಮಡಚಾಕ ಹೋಗತೈತಿ, ಉಳದ ಒಂದಿಂಚು ಹೊಲಿಗ್ಯಾಗ ಕುಗ್ಗತೈತಿ. 24 ತುಂಡು ಉದ್ದಕ್ಕ ಆರು, ಎತ್ತರಕ್ಕ ನಾಕು ಹಚ್ಚಿದ್ರ 9 ಅಡಿ ಅಗಲ, 6 ಅಡಿ ಎತ್ತರ ಆಗತೈತಿ.

ಮನ್ಯಾಗ ಹೊದಿಯೂ ಕೌದಿಗೆ ಪದರು ಜಾಸ್ತಿ ಇರತಾವು. ನೇತು ಹಾಕೂದಕ್ಕ ಮೂರ ಪದರು ಸಾಕು: ಕೆಳಗೊಂದು, ನಡಕೊಂದು, ಮ್ಯಾಲ ತ್ಯಾಪಿ (ಬಟ್ಟಿ ಚೂರು) ಹಚ್ಚೂದೊಂದು. ಆರು ಗಜದ ಹಳೇ ಹತ್ತಿ ಸೀರಿಯೊಳಗ 20 ಇಂಚಿನ ಚೌಕ 20 ಬರತಾವು. ಕೆಳಗಿನ ಎರಡು ಪದರಿಗೆ 48 ಚೌಕ ಬೇಕು, ಅಂದ್ರ ಮೂರು ಸೀರಿ. ಮ್ಯಾಲಿನ ಪದರಿಗೆ ಅವರ ಮನ್ಯಾಗಿನ ಬಟ್ಟೀನ ಬರಲಿ. ಹೊಸಾ ಬಟ್ಟಿ ತರಬ್ಯಾಡ್ರಿ. ಗಂಜಿ ಇರತೈತಿ, ಸೂಜಿ ಇಳಿಯೂದಿಲ್ಲ, ಮೊದಲ್ನೇ ಸಲ ಒಗದಾಗ ಕುಗ್ಗಿ ತುಂಡೆಲ್ಲಾ ಸೊಟ್ಟ ಆಗತೈತಿ.

ಒಂದು ತೊಂದ್ರಿ ಖಂಡಿತ ಬರತೈತಿ. ಈಗ ಸೈಟಿನ್ಯಾಗ ಉಡೂ ಸೀರಿ ಬಹಳಷ್ಟು ಪಾಲಿಯೆಸ್ಟರ್. ತುಟ್ಟಿ ಅಲ್ಲ, ಒಗದ್ರ ಲಗೂನ ಒಣಗತೈತಿ, ಅದಕ್ಕ. ಅದು ಜಾರತೈತಿ, ಅಂಚು ಎಳಿ ಬಿಡತೈತಿ, ಬಿಸಿ ಇಸ್ತ್ರಿ ತಾಗಿದ್ರ ಕರಗತೈತಿ. ಹಂಗಂತ ಅದನ್ನ ಬ್ಯಾಡ ಅನಬ್ಯಾಡ್ರಿ. ಅವರ ಉಟ್ಟ ಬಟ್ಟಿ ಅದ, ಚಂದ ಕಾಣಬೇಕಂತ ಇಳಕಲ್ ಸೀರಿ ಕೊಂಡು ತಂದ್ರ ಸುಳ್ಳಾಗತೈತಿ. ಕೆಳಗಿನ ಎರಡು ಪದರು ಹತ್ತಿ ಇಟ್ರ ಮ್ಯಾಲಿನ ಪಾಲಿಯೆಸ್ಟರ್ ಜಾರೂದು ಕಡಿಮಿ ಆಗತೈತಿ. ತ್ಯಾಪಿ ಕತ್ತರಿಸಿದ ಕೂಡ್ಲೇ ಅಂಚಿನ ಗುಂಟ ಹೊತ್ತಿಸಿದ ಊದಿನಕಡ್ಡಿ ತುದಿ ಸಾವಕಾಶ ಎಳೀರಿ, ಅಂಚು ಕರಗಿ ಗಟ್ಟಿ ಆಗತೈತಿ, ಎಳಿ ಬಿಡೂದಿಲ್ಲ. ಇದನ್ನ ಬಯಲಾಗ ಮಾಡ್ರಿ, ಶೆಡ್ಡಿನ್ಯಾಗ ಬ್ಯಾಡ. ಆಮ್ಯಾಲ ಅರ್ಧ ಇಂಚು ಒಳಗ ಮಡಚಿ ಹೊಲೀರಿ.

ಕೆಂಪು, ಕರಿ, ಗಾಢ ನೀಲಿ ಬಟ್ಟಿ ಬಣ್ಣ ಬಿಡತಾವು. ಒದ್ದಿ ಬಿಳೀ ಅರಿವಿ ಅದರ ಮ್ಯಾಲ ಐದು ನಿಮಿಷ ಒತ್ತಿ ಹಿಡೀರಿ. ಬಣ್ಣ ಹತ್ತಿದ್ರ ನೀರಿಗೆ ಬಣ್ಣ ಬಿಡೂದು ನಿಲ್ಲೂ ತನಕ ಬ್ಯಾರೇನ ಒಗೀರಿ. ಉಪ್ಪು ನೀರಾಗ ನೆನಸಿದ್ರ ಬಣ್ಣ ನಿಲ್ಲತೈತಿ ಅಂತಾರ, ಅದನ್ನ ನಂಬಬ್ಯಾಡ್ರಿ.

ದಾರದ ಲೆಕ್ಕ ಹಿಂಗ. ಅರ್ಧ ಇಂಚಿಗೊಂದು ಸಾಲು ಅಂದ್ರ ಒಂದು ತುಂಡಿಗೆ 36 ಸಾಲು, ದಾರ ಸುಮಾರು 20 ಮೀಟರ್. 24 ತುಂಡಿಗೆ 480. ತ್ಯಾಪಿಗೆ, ಕಚ್ಚಾ ಹೊಲಿಗೆಗೆ, ಹಾಳಾಗೂದಕ್ಕ ಸೇರಿಸಿ 1,000 ಮೀಟರ್ ದಪ್ಪ ಹತ್ತಿ ದಾರ ತಗೋರಿ. ಒಂದು ಸಲಕ್ಕ ಎರಡು ಮೊಳದಕಿಂತ ಜಾಸ್ತಿ ಪೋಣಿಸಬ್ಯಾಡ್ರಿ, ಗಂಟು ಬೀಳತೈತಿ. ದಬ್ಬಣ ಚೀಲ ಹೊಲಿಯಾಕ, ಕೌದಿಗಲ್ಲ, ಬಟ್ಟ್ಯಾಗ ತೂತು ಉಳೀತಾವು. ಉದ್ದನ್ನ ಗಟ್ಟಿ ಸೂಜಿ 40 ಇರಲಿ. ಕೂಟ ಶುರು ಆಗೂವಾಗ ಎಣಿಸಿ ಕೊಡ್ರಿ, ಮುಗಿಯೂವಾಗ ಎಣಿಸಿ ತಗೋರಿ. ಅಂಬೆಗಾಲಿಡೂ ಕೂಸುಗಳು ಅಲ್ಲೇ ಇರತಾವು.

ಹೊಲಿಯೂ ಮೊದಲ ಮೂರೂ ಪದರು ಹಾಸಿ, ನಾಕ ಇಂಚಿಗೊಂದು ಕಚ್ಚಾ ಹೊಲಿಗಿ ಹಾಕ್ರಿ. ಅದನ್ನ ಬಿಟ್ರ ಅಂಚಿನಿಂದ ಸುತ್ತಕೋತ ಒಳಗ ಬಂದಂಗ ನಡುವ ಬಟ್ಟಿ ಉಬ್ಬಿ ಉಳೀತೈತಿ, ಅದನ್ನ ಬಿಚ್ಚದ ಸರಿ ಮಾಡಾಕ ಬರೂದಿಲ್ಲ. ದಾರ ಬಿಗಿಯಾಗಿ ಜಗ್ಗಿದ್ರ 18 ಇಂಚಿನ ತುಂಡು 16 ಆಗತೈತಿ. ಪ್ರತಿ ಸಾಲು ಮುಗದ ಮ್ಯಾಲ ಅಂಗೈಯಿಂದ ಒತ್ತಿ ಸರಳ ಮಾಡಿಕೋಬೇಕು. ಕೈ ಪಳಗಿದವರಿಗೆ ಒಂದು ತುಂಡಿಗೆ ಎರಡು ಕೂಟ, ಹೊಸಬರಿಗೆ ನಾಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಣ್ಮಕ್ಕಳ ಕೌದಿಗೆ ಮೂಲ್ಯಾಗ ಮಡಚಿದ ಬಣ್ಣದ ತ್ರಿಕೋನ ಇರತಾವು, ಭಾಳ ಚಂದ. ಅವನ್ನ ನೋಡಿ ಯಾದಗಿರಿ ಹೆಣ್ಮಕ್ಕಳ ತುಂಡಿಗೆ ಹಚ್ಚಸಬ್ಯಾಡ್ರಿ. ಅದು ಅವರವರ ಮನಿ ಗುರುತು.

ಇನ್ನೊಂದು, ತೀರಿಕೊಂಡವರ ಸೀರಿ ತುಂಡು ತರತೇನಿ ಅನ್ನವರು ಇರತಾರ, ಅದನ್ನ ಮುಟ್ಟೂದಿಲ್ಲ ಅನ್ನವರೂ ಇರತಾರ. ಎಲ್ಲಾರ ಬಟ್ಟಿ ಒಂದ ಕಡೆ ಸುರುವೂ ಮೊದಲ ಕೇಳ್ರಿ.

ತುಂಡು ಕೂಡಸೂ ಮಾತು. ಕೂಡಿಸಿ ಹೊಲೀಬ್ಯಾಡ್ರಿ. ಕಸಿ (ಕಟ್ಟೂ ಬಟ್ಟಿ ಲಾಡಿ) ಹಚ್ಚಿ ಕಟ್ರಿ. ಒಂದೊಂದು ಬದಿಗೆ 3, 9, 15 ಇಂಚಿನ ಕಡೆ ಒಂದೊಂದು ಕಸಿ. 24 ತುಂಡಿನ ನಡುವ 38 ಕೂಡು ಬರತಾವು, ಕೂಡಿಗೆ ಮೂರು ಗಂಟು ಅಂದ್ರ 114 ಗಂಟು, 228 ಕಸಿ. ಆರಿಂಚಿನ ಕಸಿ ಆದ್ರ 38 ಗಜ ಪಟ್ಟಿ, 40 ತಗೋರಿ. ಕಸಿ ಬುಡ ಅಂಚಿನ ಮಡಿಕ್ಯಾಗ ಸೇರಿಸಿ ಚೌಕಾಗಿ ಎರಡು ಸಲ ಹೊಲೀಬೇಕು, ಇಲ್ಲಾಂದ್ರ ಮ್ಯಾಲಿನ ಸಾಲಿನ ಕಸಿ ಭಾರಕ್ಕ ಕಿತ್ತು ಬರತಾವು. ಕಟ್ಟಿದ ಕೌದಿ ಯಾವಾಗ ಬೇಕಾದ್ರೂ ಬಿಚ್ಚಬಹುದು, ಯಾರ ತುಂಡು ಅವರು ಒಯ್ಯಬಹುದು. ಯಾರದು ಅಂತ ಕೇಳೀರಲ್ಲ, ನನ್ನ ಉತ್ತರ ಅದ.

ಕಿವಿಗೊಡು

ಕಸೆ ಕಟ್ಟುವ ಸಲಹೆ ಈ ಯೋಜನೆಯ ಬೆನ್ನೆಲುಬು ಆಗಬೇಕು, ಯಾಕೆಂದರೆ ಒಪ್ಪಿಗೆಯೂ ಅದೇ ರೀತಿ ಬಿಚ್ಚಲು ಬರುವಂಥದ್ದಾಗಿರಬೇಕು. ಒಂದೇ ಹಾಳೆಗೆ ಹೆಬ್ಬೆಟ್ಟು ಹಾಕಿಸಿ ಎಲ್ಲಕ್ಕೂ ಒಪ್ಪಿಗೆ ಪಡೆಯುವುದು ಮೋಸ. ಐದು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ: ಹೊಲಿಯಲು ಬರುತ್ತೀರಾ, ಧ್ವನಿ ಹಿಡಿಯಬಹುದಾ, ಫೋಟೋ ತೆಗೆಯಬಹುದಾ, ಹೆಸರು ಹಾಕಬಹುದಾ, ಊರಾಚೆ ತೋರಿಸಬಹುದಾ. ಉತ್ತರವನ್ನು ಅವರ ಮಾತಿನಲ್ಲೇ ಮುದ್ರಿಸಿಕೊಳ್ಳಿ. ಇದನ್ನೇ ಎರಡನೇ ಸಲ, ಪ್ರದರ್ಶನಕ್ಕೆ ಒಂದು ವಾರ ಮೊದಲು ಕೇಳಬೇಕು. ಡಿಸೆಂಬರ್‌ನಲ್ಲಿ ಹೂಂ ಅಂದವರು ಮಾರ್ಚ್‌ನಲ್ಲಿ ಬೇಡ ಅಂದರೆ ಕಾರಣ ಕೇಳದೆ ಆ ತುಂಡು ಬಿಚ್ಚಿ ಕೊಡಿ. ಖಾಲಿ ಬಿದ್ದ ಜಾಗಕ್ಕೆ ಬೇರೆ ತುಂಡು ಹೊಲಿದು ತುಂಬಬೇಡಿ, ಸಾದಾ ಬಟ್ಟೆಯ ಚೌಕ ಕಟ್ಟಿದರೆ ಭಾರ ಸಮನಾಗಿ ನಿಲ್ಲುತ್ತದೆ.

ಹೆಸರು, ಜಾಗ ಮುಚ್ಚಿಡುವುದು ಅತಿ ಎಚ್ಚರಿಕೆ ಅಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳಿದ್ದಾರೆಂಬ ಗುಮಾನಿಯ ಮೇಲೆ ಶೆಡ್‌ಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆ ಕ್ರಮ ಕಾನೂನಿಗೆ ವಿರುದ್ಧವೆಂದು ಆಮೇಲೆ ಹೈಕೋರ್ಟ್ ಹೇಳಿತು. ಕನ್ನಡ ಮಾತಾಡುವವರೇ ಕರ್ನಾಟಕದ ರಾಜಧಾನಿಯಲ್ಲಿ ತಾವು ಇಲ್ಲಿಯವರೆಂದು ಚೀಟಿ ಹಿಡಿದು ತೋರಿಸಬೇಕಾಯಿತು. ಹಾಗಾಗಿ ಫೋಟೋದಲ್ಲಿ ಶೆಡ್ಡಿನ ಹಿಂದಿನ ಕಟ್ಟಡ, ಕಂಟ್ರಾಕ್ಟರ್ ಬೋರ್ಡು, ಬೀದಿಯ ಫಲಕ ಬರಬಾರದು. ಫೋನ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಗುರುತು ಎಂಬ ವಿಷಯ ಬಂದಾಗ ಆಧಾರ್ ಕಾರ್ಡನ್ನು ಬಟ್ಟೆಯ ಮೇಲೆ ಅಚ್ಚು ಹಾಕುವ ಆಲೋಚನೆ ಗುಂಪಿನಲ್ಲಿ ಯಾರಿಗಾದರೂ ಹೊಳೆಯುತ್ತದೆ. ಬೇಡ. ಸಂಖ್ಯೆ ಅಳಿಸಿದರೂ ಅದರ ಕ್ಯುಆರ್ ಕೋಡ್‌ನಲ್ಲಿ ವಿವರಗಳಿರುತ್ತವೆ.

ಈ ದಾರಿಯಲ್ಲಿ ಹಳೆಯ ಉದಾಹರಣೆ ಚಿಲಿ ದೇಶದ ಅರ್ಪಿಯೇರಾ. 1973ರ ಸೇನಾ ದಂಗೆಯ ನಂತರ ಅಲ್ಲಿನ ಹೆಂಗಸರು, ಬಹಳಷ್ಟು ಜನ ಕಾಣೆಯಾದವರ ತಾಯಂದಿರು, ಹೆಂಡಂದಿರು, ಗೋಣಿ ಬಟ್ಟೆಯ ಮೇಲೆ ಚಿಂದಿ ಹೊಲಿದು ತಮ್ಮ ಬದುಕಿನ ಚಿತ್ರ ಮಾಡಿದರು. ಸಾಮಾನ್ಯವಾಗಿ ಹೆಸರು ಹಾಕುತ್ತಿರಲಿಲ್ಲ. ಕೆಲವದರ ಬೆನ್ನಿಗೆ ಒಂದು ಪುಟ್ಟ ಜೇಬು ಹೊಲಿದು ಒಳಗೆ ಚೀಟಿ ಇಡುತ್ತಿದ್ದರು. ಆ ಜೇಬು ನಿಮಗೂ ಉಪಯೋಗಕ್ಕೆ ಬರುತ್ತದೆ: ಎರಡು ಬೆರಳು ಅಗಲ, ಬಾಯಿಗೆ ಒಂದು ಕಸೆ. ಹೇಳಬೇಕು ಆದರೆ ಎದುರಿಗೆ ಕಾಣಬಾರದು ಎಂಬ ಮಾತಿಗೆ ಅದು ಜಾಗ. ಬಾಕಿ ಕೂಲಿಯ ವಿಷಯವನ್ನು ಯಾರಾದರೂ ತುಂಡಿನ ಮೇಲೆ ತಂದರೆ ಮೇಸ್ತ್ರಿಯೂ ನೋಡುತ್ತಾನೆಂದು ಮೊದಲೇ ತಿಳಿಸಿ, ತೀರ್ಮಾನ ಅವರಿಗೆ ಬಿಡಿ.

ಏನು ಕೇಳಬಾರದು? ‘ಯಾಕೆ ಊರು ಬಿಟ್ಟಿರಿ’ ಎಂದು ಕೇಳಬೇಡಿ. ಸಮೀಕ್ಷೆಯವರು, ಪತ್ರಿಕೆಯವರು ಕೇಳಿ ಕೇಳಿ ಅದಕ್ಕೆ ಸಿದ್ಧ ಉತ್ತರ ಇರುತ್ತದೆ: ಮಳಿ ಇಲ್ಲ, ಸಾಲ ಐತಿ. ಅದು ನಿಜವೇ, ಆದರೆ ಎಲ್ಲ 24 ತುಂಡುಗಳಲ್ಲೂ ಒಡೆದ ನೆಲ, ಒಣ ಮರ ಬಂದು ಕೂರುತ್ತವೆ. ವಸ್ತುವಿನಿಂದ ಶುರು ಮಾಡಿ. ‘ಊರಿಂದ ಹೊಂಟಾಗ ಗಂಟಿನ್ಯಾಗ ಮೊದಲ ಏನ್ ಕಟ್ಟಿದ್ರವ್ವಾ?’ ‘ಮನಿ ಕೀಲಿ ಈಗ ಯಾರ ಕೈಯಾಗ ಐತಿ?’ ‘ಇಲ್ಲಿ ಬಂದ ಮ್ಯಾಲ ಅಡಿಗ್ಯಾಗ ಏನ್ ಬದಲಾತು?’ ಇಂಥ ಪ್ರಶ್ನೆಗೆ ಜೋಳದ ಹಿಟ್ಟಿನ ರೇಟು, ಅಜ್ಜಿಯ ಹತ್ತಿರ ಬಿಟ್ಟ ಮಗಳು, ಬಸ್ಸಿನ ಸಾಮಾನು ಡಿಕ್ಕಿಯಲ್ಲಿ ಒಡೆದ ಕೊಡ ಎಲ್ಲವೂ ಬರುತ್ತವೆ. 2020ರ ಮೇ ತಿಂಗಳ ಲಾಕ್‌ಡೌನಿನ ನೆನಪೂ ಬರಬಹುದು. ಆಗ ಹೊರ ರಾಜ್ಯಗಳ ಊರಿಗೆ ಹೊರಟವರ ರೈಲುಗಳನ್ನು ಸರ್ಕಾರ ನಿಲ್ಲಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ನೀವಾಗಿ ಅದನ್ನು ಕೆದಕಬೇಡಿ. ಅಳು ಬಂದರೆ ಮುದ್ರಣ ನಿಲ್ಲಿಸಿ. ಮುಂದುವರಿಸುವುದು, ಬಿಡುವುದು ಅವರ ಇಷ್ಟ.

ಧ್ವನಿಗೆ ತಗಡಿನ ಶೆಡ್ ಅತ್ಯಂತ ಕೆಟ್ಟ ಜಾಗ, ಮಾತು ಗೋಡೆಗೆ ಬಡಿದು ಡಬ್ಬದೊಳಗಿನ ಸದ್ದಾಗುತ್ತದೆ. ಮಾತಾಡುವವರ ಹಿಂದೆ, ಎದುರಿಗೆ ಎರಡು ದಪ್ಪ ಕೌದಿ ನೇತು ಹಾಕಿದರೆ ಅರ್ಧ ಸರಿಹೋಗುತ್ತದೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ, ಸೆರಗಿನ ಮೇಲೆ ಸಿಕ್ಕಿಸಿ. ಸೆರಗಿನ ಒಳಗಿದ್ದರೆ ಬಟ್ಟೆ ಉಜ್ಜುವ ಸದ್ದು. ಹೊಲಿಯುತ್ತಾ ಮಾತಾಡಿದರೆ ಗಾಜಿನ ಬಳೆಯ ಸದ್ದು ಪ್ರತಿ ಮಾತಿನ ಮೇಲೂ ಬೀಳುತ್ತದೆ. ಕೇಳಲು ಇಂಪು, ಆದರೆ ಬರೆದುಕೊಳ್ಳುವಾಗ ಪದಗಳು ತಪ್ಪುತ್ತವೆ. ಅಂಥ ಐದು ನಿಮಿಷ ಬೇರೆಯಾಗಿ ಹಿಡಿದು, ಮುಖ್ಯ ಮಾತಿನ ಹೊತ್ತಿಗೆ ಸೂಜಿ ಕೆಳಗಿಡಲು ಹೇಳಿ. ಫೋನಿನಲ್ಲೇ ಮುದ್ರಿಸುವುದಾದರೆ ಏರೋಪ್ಲೇನ್ ಮೋಡ್ ಹಾಕಿ, ವೇವ್ ಫೈಲು, 48 ಕಿಲೋಹರ್ಟ್ಸ್, 24 ಬಿಟ್, ಮೋನೋ. ಒಂದು ತಾಸಿಗೆ ಸುಮಾರು 520 ಎಂಬಿ. ಯಾರೂ ಮಾತಾಡದ ಅರ್ಧ ನಿಮಿಷವನ್ನೂ ಹಿಡಿಯಿರಿ, ಕತ್ತರಿಸಿ ಜೋಡಿಸುವಾಗ ನಡುವೆ ತುಂಬಲು ಬೇಕು. ಪ್ರತಿಯೊಬ್ಬರದೂ ಎರಡು ಮೂರು ನಿಮಿಷಕ್ಕೆ ಇಳಿಸಿ, ಎಂಪಿ3 ಮಾಡಿ, ಮೊದಲು ಅವರಿಗೇ ಕೇಳಿಸಿ. ಕೀಪ್ಯಾಡ್ ಫೋನ್ ಇರುವವರಿಗೆ ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಡಿ. ಬರಹಕ್ಕೆ ಇಳಿಸುವಾಗ ‘ಹೋಗ್ಯಾರ’ ಅಂದದ್ದನ್ನು ‘ಹೋಗಿದ್ದಾರೆ’ ಎಂದು ತಿದ್ದಬಾರದು.

ಎಳೆದಾರ

ಎಲ್ಲರಿಗೂ ಧನ್ಯವಾದ. 12 ಜನ, 24 ತುಂಡು, ಕಸೆ ಕಟ್ಟುವುದು, ನವೆಂಬರ್‌ನಲ್ಲಿ ಶುರು ಎಂದು ಬದಲಿಸಿಕೊಂಡೆವು. ಇನ್ನು ಮೂರು ಸಂಶಯ. ಅನುದಾನದ ಕರಾರಿನಲ್ಲಿ ಒಂದು ಗ್ಯಾಲರಿ ಪ್ರದರ್ಶನ ಮತ್ತು ಭಾಗವಹಿಸಿದವರ ಫೋಟೋ ಕೇಳಿದ್ದಾರೆ. ಅರ್ಧಕ್ಕೆ ಊರಿಗೆ ಹೋಗುವವರ ತುಂಡು ಏನು ಮಾಡುವುದು? ಲೇಬರ್ ಕಾರ್ಡ್ (ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಕಾರ್ಡ್) ಮಾಡಿಸಿಕೊಡಿ ಎಂದು ಈಗಲೇ ಇಬ್ಬರು ಕೇಳಿದ್ದಾರೆ, ಅದು ನಮ್ಮ ಕೆಲಸವೇ?

ಅಂಗಳ

ಫೋಟೋ: ಮುಖದ ಬದಲು ಕೈ, ತುಂಡು, ಬೆನ್ನ ಹಿಂದಿನಿಂದ ತೆಗೆದ ಚಿತ್ರ ಕೊಡುತ್ತೇವೆಂದು ಅನುದಾನ ಕೊಟ್ಟವರಿಗೆ ಈಗಲೇ ಬರೆಯಿರಿ. ಕೆಲಸ ಶುರುವಾಗುವ ಮೊದಲು ಕೇಳಿದರೆ ಒಪ್ಪುತ್ತಾರೆ, ವರದಿ ಕೊಡುವ ವಾರ ಹೇಳಿದರೆ ತಕರಾರು ಆಗುತ್ತದೆ. ಅದೇ ಪತ್ರದಲ್ಲಿ ಹಕ್ಕಿನ ಮಾತೂ ಇರಲಿ. ಕೃತಿಸ್ವಾಮ್ಯ ಮೂಲತಃ ಮಾಡಿದವರದು, ಬೇರೆಯವರಿಗೆ ವರ್ಗಾಯಿಸಲು 1957ರ ಕಾಯ್ದೆಯ ಪ್ರಕಾರ ಬರವಣಿಗೆಯ ಕರಾರು ಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದು, ಎಲ್ಲಿ ಅನ್ವಯ ಎಂದು ಬರೆಯದಿದ್ದರೆ ಭಾರತವೆಂದು ಲೆಕ್ಕ. ನಿಮ್ಮ ಹಾಳೆಯಲ್ಲಿ ‘ಯೋಜನೆಯ ಎಲ್ಲ ಫಲಿತಗಳೂ ಸಂಸ್ಥೆಗೆ ಸೇರಿದ್ದು’ ಎಂಬ ಸಾಲಿದ್ದರೆ ಸಹಿ ಹಾಕುವ ಮುನ್ನ ತೆಗೆಸಿ. ಆ ಹೆಂಗಸರ ಕೆಲಸವನ್ನು ಅವರ ಪರವಾಗಿ ಬರೆದುಕೊಡುವ ಅಧಿಕಾರ ನಿಮಗಿಲ್ಲ.

ಪ್ರದರ್ಶನದ ಕ್ರಮ ಹೀಗಿರಲಿ: ಮೊದಲು ಶೆಡ್ ಸಾಲಿನಲ್ಲಿ ಒಂದು ಸಂಜೆ, ಆಮೇಲೆ ಗ್ಯಾಲರಿ, ಕೊನೆಗೆ ಅವರಲ್ಲಿ ಹೆಚ್ಚು ಜನರ ಊರಿನಲ್ಲಿ ಜಾತ್ರೆಯ ಹೊತ್ತಿಗೆ. ಗ್ಯಾಲರಿಯ ಉದ್ಘಾಟನೆ ಶನಿವಾರ ಸಂಜೆ ಬೇಡ, ಬಟವಾಡೆಗೆ ಕಾಯುತ್ತಾ ಇರುತ್ತಾರೆ. ಭಾನುವಾರ ಮಧ್ಯಾಹ್ನ ಇಟ್ಟು ಟೆಂಪೋ ಟ್ರಾವೆಲರ್ ಮಾಡಿ, ಗಂಡ, ಮಕ್ಕಳಿಗೂ ಜಾಗವಿರಲಿ. ಗೇಟಿನ ಸೆಕ್ಯುರಿಟಿಯವರಿಗೆ ಹಿಂದಿನ ದಿನವೇ ಹೇಳಿ, ನಿಮ್ಮಲ್ಲೊಬ್ಬರು ಗೇಟಿನಲ್ಲೇ ನಿಲ್ಲಿ. ತಾವು ಮಾಡಿದ್ದನ್ನು ನೋಡಲು ಬಂದವರನ್ನು ‘ಎಲ್ಲಿಗೆ’ ಎಂದು ತಡೆದರೆ ನಾಲ್ಕು ತಿಂಗಳ ಕೆಲಸಕ್ಕೆ ಅರ್ಥವಿಲ್ಲ. ಫಲಕ ಕನ್ನಡದಲ್ಲಿರಲಿ, ಅಕ್ಷರ ದೊಡ್ಡದಿರಲಿ, ಓದಲು ಬಾರದವರಿಗೆ ಅವರವರ ಧ್ವನಿಯೇ ಫಲಕ. ಕ್ಯುಆರ್ ಕೋಡ್ ಬೇಡ, ಮೆಮೊರಿ ಕಾರ್ಡ್ ಹಾಕುವ ಸಣ್ಣ ಸ್ಪೀಕರ್ ಸಾಕು.

ಅರ್ಧಕ್ಕೆ ಹೋಗುವವರ ತುಂಡು ಅವರದೇ. ದಾರ, ಎರಡು ಸೂಜಿ, ಕತ್ತರಿಸಿಟ್ಟ ತ್ಯಾಪೆ ಕಟ್ಟಿ ಕೊಟ್ಟು ಕಳಿಸಿ. ಅಲ್ಲೇ ಮುಗಿಸಿ, ಇತ್ತ ಬರುವವರ ಕೈಯಲ್ಲಿ ಕಳಿಸಬಹುದು, ಇಟ್ಟುಕೊಳ್ಳಲೂಬಹುದು. ‘ಇಲ್ಲೇ ಇರಲಿ’ ಅಂದರೆ ಅರ್ಧ ಹೊಲಿದದ್ದನ್ನು ಹಾಗೇ ಕಟ್ಟಿ. ಬೇರೆಯವರ ಕೈಯಲ್ಲಿ ಮುಗಿಸಬೇಡಿ.

ಕಿವಿಗೊಡು

ಲೇಬರ್ ಕಾರ್ಡ್ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ನಿಮ್ಮ ಕೆಲಸವೇ. ಕ್ಯೂಬಾದ ಕಲಾವಿದೆ ತಾನಿಯಾ ಬ್ರುಗೇರಾ 2011ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ಕೊರೋನಾ ಬಡಾವಣೆಯಲ್ಲಿ ಕ್ವೀನ್ಸ್ ಮ್ಯೂಸಿಯಂ ಮತ್ತು ಕ್ರಿಯೇಟಿವ್ ಟೈಮ್ ಬೆಂಬಲದಿಂದ ವಲಸಿಗರಿಗಾಗಿ ಒಂದು ಕೇಂದ್ರ ತೆರೆದರು. ಇಂಗ್ಲಿಷ್ ಪಾಠ, ಕಾನೂನು ಸಲಹೆ ಅಲ್ಲಿನ ಕಲೆಯ ಭಾಗವೇ ಆಗಿದ್ದವು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ವಯಸ್ಸು 18ರಿಂದ 60 ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೆಂಗಸರಿಗೆ ತೊಡಕಾಗುವುದು ಈ 90 ದಿನದ ದೃಢೀಕರಣದಲ್ಲಿ, ಯಾಕೆಂದರೆ ಜೋಡಿ ಲೆಕ್ಕದಲ್ಲಿ ಅವರ ಹೆಸರು ಎಲ್ಲೂ ಬರೆದಿರುವುದಿಲ್ಲ. ಕಾರ್ಮಿಕ ಸಂಘದವರೊಬ್ಬರನ್ನು ಎರಡು ಕೂಟಕ್ಕೆ ಕರೆಸಿ, ಅವರಿಗೂ ಬಜೆಟ್‌ನಲ್ಲಿ ಖರ್ಚು ತೋರಿಸಿ. ಒಂದೇ ಷರತ್ತು: ಕಾರ್ಡ್ ನೆರವು ಇಡೀ ಶೆಡ್ ಸಾಲಿಗೆ ಸಿಗಬೇಕು, ಹೊಲಿಯಲು ಬಂದವರಿಗೆ ಮಾತ್ರ ಅಲ್ಲ. ಮಾಡಿಸಿಕೊಡುತ್ತೇವೆಂದು ಮಾತು ಕೊಡಬೇಡಿ, ಅರ್ಜಿಗೆ ನೆರವಾಗುತ್ತೇವೆ ಎನ್ನಿ.

ಅಂಗಳ

ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ನೆರವು ಬೇಕು, ಆದರೆ ಅದು ಕೌದಿಯ ಕೂಟದಲ್ಲೇ ಬೇಡ. ಕಾಗದಪತ್ರದ ಮಾತು ಬಂದ ಕೂಡಲೇ ಗಂಡಸರು ಬಂದು ಕೂರುತ್ತಾರೆ, ಹೆಂಗಸರು ಸುಮ್ಮನಾಗುತ್ತಾರೆ. ಬೇರೆ ದಿನ, ಬೇರೆ ಜಾಗ, ರಾತ್ರಿ ಊಟದ ಮೇಲೆ ಇಡಿ.

ಕಿವಿಗೊಡು

ಒಪ್ಪಿದೆ. ದಿನ ಬೇರೆಯಾಗಿರಲಿ, ಬಜೆಟ್ ಒಂದೇ ಇರಲಿ.

ಕೌದಿ ಮಂದಿ

ನೇತು ಹಾಕೂದು ಹೇಳೂದ ಮರತಿತ್ತು. ಮ್ಯಾಲಿನ ಸಾಲಿನ ಬೆನ್ನಿಗೆ ನಾಕ ಇಂಚಿನ ಬಟ್ಟಿ ನಾಳ ಹೊಲದು ಅದರಾಗ ಕೋಲು ತೂರಸ್ರಿ. 9 ಅಡಿಗೆ ಪಿವಿಸಿ ಪೈಪ್ ನಡುವ ಬಾಗತೈತಿ, ನೆಟ್ಟನೆ ಬಿದಿರು ಇಲ್ಲಾ ಅಲ್ಯೂಮಿನಿಯಂ ಪೈಪ್ ತಗೋರಿ. ನಾಳ ನಡುವ ಎರಡಿಂಚು ಬಿಟ್ಟು ಹೊಲದ್ರ ಮೂರನೇ ಹಗ್ಗ ಅಲ್ಲಿ ಕಟ್ಟಬಹುದು. ನಾಳಾನೂ ಕಸಿಯಿಂದಾನ ಕಟ್ರಿ, ಮ್ಯಾಲಿನ ಆರು ತುಂಡಿಗೆ ಕಾಯಂ ಹೊಲದುಬಿಟ್ರ ಆ ಆರು ಮಂದಿ ತುಂಡು ಒಯ್ಯಾಕ ಬರೂದಿಲ್ಲ. ಬಯಲಾಗ ಹಾಕೂವಾಗ ಕೆಳಗಿನ ಸಾಲಿನ ಕಸಿಗೂ ಒಂದು ಬಿದಿರು ಕಟ್ರಿ, ಗಾಳಿಗೆ ಹಾರಾಡೂದು ನಿಲ್ಲತೈತಿ. ಒಯ್ಯೂವಾಗ ಮಡಚಬ್ಯಾಡ್ರಿ, ಬಿಚ್ಚಿ ತುಂಡು ತುಂಡು ಒಂದರ ಮ್ಯಾಲೊಂದು ಇಟ್ಟು ಹತ್ತಿ ಬಟ್ಟ್ಯಾಗ ಕಟ್ರಿ. ಯಾವ ತುಂಡು ಯಾರದು ಅಂತ ಹಿಂದಿನ ಮೂಲ್ಯಾಗ ಅವರವರ ಬಣ್ಣದ ದಾರದ ಗುರುತು ಮೊದಲ ಹಾಕಸ್ರಿ, ಮತ್ತ ಕಟ್ಟೂವಾಗ ಅದಲು ಬದಲು ಆಗೂದಿಲ್ಲ.